ಐದನೇ ದಿನಕ್ಕೆ ಇಟ್ಟ ಬೀದಿ

ಅವನು ಮೊದಲ ಸಲ ನನ್ನ ಮೇಜಿನ ಎದುರು ಬಂದು ಕೂತಾಗ ನಾನು ತಲೆ ಕೂಡ ಎತ್ತದೆ ಕೈ ತೋರಿಸಿದೆ.

"ಲಿಫ್ಟು ಆ ಕಡೆ. ಕಾರಿಡಾರಿನ ಕೊನೇಲಿ."

"ಗೊತ್ತು. ಸರಿ ಮಾಡಿಯೇ ಬಂದೆ," ಅಂದ. "ಈಗ ನಾನು ಗಿರಾಕಿ."

ಆಗ ನೋಡಿದೆ. ನೀಲಿ ಅಂಗಿ, ಜೇಬಿನ ಮೇಲೆ ಲಿಫ್ಟ್ ಕಂಪನಿಯ ಹೊಲಿದ ಗುರುತು, ಉಗುರಿನ ಸಂದಿಯಲ್ಲಿ ಗ್ರೀಸು. ನಮ್ಮ ಕುರ್ಚಿಯ ಬಿಳಿ ಬಟ್ಟೆಗೆ ಕಲೆಯಾಗದಿರಲಿ ಎಂದು ಹಳೆಯ ಪೇಪರಿನ ಹಾಳೆಯೊಂದನ್ನು ಹಾಸಿಕೊಂಡು ಅದರ ಮೇಲೆ ಕೂತಿದ್ದ. ಆ ಪೇಪರನ್ನು ನೋಡಿ ನನ್ನ ಮುಖ ಸಣ್ಣದಾಯಿತು. ನೀಲಿ ಅಂಗಿಯವನು ರಿಪೇರಿಗೆ ಬರಬೇಕು, ಪ್ರವಾಸ ಕೇಳಲು ಬರಬಾರದು ಎಂದು ನನಗೆ ಯಾರೂ ಪಾಠ ಮಾಡಿರಲಿಲ್ಲ. ಪಾಠವಿಲ್ಲದೆಯೇ ಕಲಿತಿದ್ದೆ. ಇಂಥ ವಿದ್ಯೆಗೆ ಮೇಷ್ಟ್ರು ಬೇಕಾಗುವುದಿಲ್ಲ.

ಕ್ಷಮೆ ಕೇಳುವ ಬದಲು ಫಾರಂ ತೆಗೆದೆ.

ನಾಲ್ಕನೇ ಮಹಡಿಯ ಆ ಟ್ರಾವೆಲ್ ಆಫೀಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಊರು. ನನ್ನ ಪಾಲಿಗೆ ಬಂದದ್ದು ಕಡಲ ದಡದ ಆ ಮಹಾನಗರ. ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿಯ ದೂರ. 'ಸುರಕ್ಷಿತ ಸಂಸ್ಕೃತಿ ಯಾತ್ರೆ, ಐದು ದಿನ' ಎಂಬ ಬೋರ್ಡಿನ ಕೆಳಗೆ ಹನ್ನೊಂದು ವರ್ಷದಿಂದ ಕೂತು ಜನರನ್ನು ಅಲ್ಲಿಗೆ ಕಳಿಸುತ್ತಿದ್ದೆ. ಯಾವ ಮ್ಯೂಸಿಯಂಗೆ ಯಾವ ವಾರ ರಜೆ, ಯಾವ ಸಂಗೀತ ಸಭೆಗೆ ಮುಂಚೆಯೇ ಸೀಟು ಹಿಡಿಯಬೇಕು, ಎಲ್ಲಿ ಬ್ಯಾಗನ್ನು ಎದೆಗೆ ಅವಚಿಕೊಳ್ಳಬೇಕು, ಎಲ್ಲಿ ಟ್ಯಾಕ್ಸಿಯವನ ಜೊತೆ ಮಾತಿಗಿಳಿಯಬಾರದು, ಎಲ್ಲ ನಾಲಿಗೆಯ ತುದಿಯಲ್ಲಿತ್ತು.

ಎಷ್ಟು ಜನ ಎಂದು ಕೇಳಿದೆ. ಇಬ್ಬರು, ತಾನು ಮತ್ತು ಅಮ್ಮ ಅಂದ. ಅಮ್ಮನಿಗೆ ಅರವತ್ತಾರು. ನಡೆಯುತ್ತಾರೆ, ನಿಧಾನ. ಕಣ್ಣು ಅರ್ಧ ಹೋಗಿದೆ, ಉಳಿದ ಅರ್ಧವೂ ಹೆಚ್ಚು ದಿನ ಇರಲ್ಲ ಅಂದಿದ್ದಾರೆ ಡಾಕ್ಟರು. ಫಾರಂನಲ್ಲಿ 'ಆಸಕ್ತಿ' ಎಂಬ ಖಾನೆಯಿದೆ: ಕಲೆ, ಸಂಗೀತ, ಹಳೆಯ ಕಟ್ಟಡ, ನಿಸರ್ಗ. ಯಾವುದಕ್ಕೆ ಗುರುತು ಹಾಕಲಿ ಅಂದೆ.

"ಮೆಟ್ಟಿಲು," ಅಂದ.

ಹಳೆಯ ದೀಪಸ್ತಂಭಕ್ಕೆ ಇನ್ನೂರ ಹನ್ನೆರಡು ಮೆಟ್ಟಿಲಿವೆ, ಆದರೆ ಈ ವಯಸ್ಸಿನಲ್ಲಿ ಕಷ್ಟ ಎಂದು ಶುರು ಮಾಡಿದೆ. ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ನನ್ನ ಮೇಜಿನ ಗಾಜಿನ ಕೆಳಗಿದ್ದ ನಗರದ ನಕ್ಷೆಯ ಮೇಲೆ ಬಗ್ಗಿದ್ದ. ಅದರಲ್ಲಿ ಹೋಗಬೇಕಾದ ಕಡೆಗೆ ಹಸಿರು ಚುಕ್ಕಿ, ಹೋಗಬಾರದ ಕಡೆಗೆ ಕೆಂಪು ಪೆನ್ನಿನಲ್ಲಿ ನಾನೇ ಒತ್ತೊತ್ತಾಗಿ ಎಳೆದ ಅಡ್ಡಗೀಟುಗಳು. ಬಂದರಿನ ಹಿಂದೆ, ಕಡಲಿಗೆ ಇಳಿಯುವ ಕಡೆ, ಹೆಬ್ಬೆಟ್ಟಿನಷ್ಟು ಜಾಗ ಪೂರ್ತಿ ಕೆಂಪಾಗಿತ್ತು. ಅವನು ಬೆರಳನ್ನು ಅಲ್ಲೇ ಇಟ್ಟ.

ಅದು ಹೋಗಬಾರದ ಜಾಗ ಅಂದೆ. ದಿನಕ್ಕೆ ಹತ್ತು ಸಲ ಹೇಳುವ ಮಾತು, ಬಾಯಿ ತಾನಾಗಿ ಹೇಳಿತು.

"ನಾನು ಹುಟ್ಟಿದ ಮನೆ ಮೇಲೆ ಗೀಟು ಎಳೆದಿದ್ದೀರಿ ಮೇಡಂ," ಅಂದ. ಸಿಟ್ಟಿರಲಿಲ್ಲ. ಕಣ್ಣಂಚಿನಲ್ಲಿ ತೆಳ್ಳನೆಯ ನಗು ಇತ್ತು, ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಆ ಗೀಟುಗಳ ಚರಿತ್ರೆ ನನಗೆ ಗೊತ್ತಿತ್ತು. ಎಂಟು ವರ್ಷದ ಹಿಂದೆ ಒಬ್ಬ ಪ್ರವಾಸಿಯ ಕ್ಯಾಮೆರಾ ಚೀಲ ಕಳೆದುಹೋಯಿತು. ಎಲ್ಲಿ ಕಳೆಯಿತೋ ಅವನಿಗೇ ಗೊತ್ತಿರಲಿಲ್ಲ; ಬಂದರಿನ ಹಿಂದೆ ಇರಬಹುದು ಅಂದ. ಇರಬಹುದು ಎಂಬ ಆ ಒಂದು ಮಾತಿಗೆ ನಮ್ಮ ಯಜಮಾನರು ನನ್ನ ಕೈಗೆ ಕೆಂಪು ಪೆನ್ನು ಕೊಟ್ಟರು. ಮುನ್ನೂರು ಮನೆ, ಸಾವಿರದ ಮೇಲೆ ಜನ. ಗೀಟು ಎಳೆಯಲು ನನಗೆ ಹಿಡಿದದ್ದು ಅರ್ಧ ನಿಮಿಷ.

"ನೀವು ಯಾವತ್ತು ಹೋಗಿದ್ರಿ ಅಲ್ಲಿಗೆ?" ಎಂದು ಕೇಳಿದ.

ಹೋಗಿಲ್ಲ ಅಂದೆ.

"ಆ ಬೀದಿಗೆ ಬೇಡ, ಆ ಊರಿಗೆ?"

ಅದಕ್ಕೂ ಇಲ್ಲ ಅಂದೆ. ಕಡಲನ್ನೇ ನೋಡಿಲ್ಲ ಎಂದೂ ಬಾಯಿಬಿಟ್ಟೆ, ಯಾಕೆಂದು ಗೊತ್ತಿಲ್ಲ. ಆ ಆಫೀಸಿನಲ್ಲಿ ಯಾರಿಗೂ ಹೇಳದ ಗುಟ್ಟದು. ಅವನು ಆಗ ಪೂರ್ತಿ ನಕ್ಕ, ಹಿಂದಕ್ಕೆ ಒರಗಿ, ಪೇಪರು ಚರಚರ ಎನ್ನುವ ಹಾಗೆ. ಈಜು ಬಾರದವರು ದೋಣಿಗೆ ದಾರಿ ತೋರಿಸಿದ ಹಾಗಾಯ್ತು ಅಂದ. ನನಗೂ ನಗು ಬಂತು. ಹನ್ನೊಂದು ವರ್ಷದಲ್ಲಿ ಆ ಮೇಜಿನ ಮೇಲೆ ಬಿದ್ದ ಮೊದಲ ನಿಜವಾದ ನಗು ಅದಿರಬೇಕು.

*

ಆಮೇಲೆ ನಮ್ಮ ಲಿಫ್ಟು ಪದೇ ಪದೇ ಕೆಡತೊಡಗಿತು.

ಟಿಕೆಟ್ ಕೌಂಟರಿನಲ್ಲಿ ಕೂರುವವಳನ್ನು ನಾವೆಲ್ಲ ಟಿಕೆಟಕ್ಕ ಎಂದೇ ಕರೆಯುತ್ತಿದ್ದೆವು. ಅವಳ ಕಣ್ಣಿಗೆ ಯಾವುದೂ ತಪ್ಪುವುದಿಲ್ಲ. "ಮುಂಚೆ ತಿಂಗಳಿಗೊಂದ್ಸಲ ಕೆಡ್ತಿತ್ತು," ಅಂದಳು, ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. "ಈಗ ವಾರಕ್ಕೆರಡು ಸಲ. ರಿಪೇರಿ ಮಾಡಿದಷ್ಟೂ ಕೆಡೋ ಲಿಫ್ಟು ಲೋಕದಲ್ಲಿ ಇದೊಂದೇ ಇರಬೇಕು ಕಣೇ."

ಅವನು ಬರುತ್ತಿದ್ದ. ಲಿಫ್ಟಿನ ಬಾಗಿಲು ತೆಗೆದು ಏನೋ ತಿರುಗಿಸಿ, ಆಮೇಲೆ ನನ್ನ ಮೇಜಿಗೆ. ಬರುವಾಗ ಕೈ ತೊಳೆದುಕೊಂಡು ಬರುತ್ತಿದ್ದ. ಸೋಪಿನ ವಾಸನೆಯ ಕೆಳಗೆ ಗ್ರೀಸಿನ ವಾಸನೆ. ಪೇಪರು ಹಾಸಿಕೊಳ್ಳುವುದನ್ನು ನಾನು ಎರಡನೇ ಸಲಕ್ಕೇ ನಿಲ್ಲಿಸಿದ್ದೆ, ಹಾಳೆಯನ್ನು ಕಿತ್ತುಕೊಂಡು ಬುಟ್ಟಿಗೆ ಹಾಕಿ. ಅವನು ಬುಟ್ಟಿಯನ್ನೂ ನನ್ನನ್ನೂ ಒಮ್ಮೆ ನೋಡಿದ. ಆ ನೋಟವನ್ನು ಮನೆಗೆ ಹೊತ್ತುಕೊಂಡು ಹೋದೆ.

ಐದು ದಿನದ ಹಾಳೆಯನ್ನು ಇಬ್ಬರೂ ಸೇರಿ ತುಂಬಿದೆವು. ಬಂದರು ಮ್ಯೂಸಿಯಂ ಬರೆದೆ. ಮೂರನೇ ಕೋಣೆ ಬಿಡಬೇಡಿ, ಮೀನುಗಾರರ ಬಲೆ, ಬಲೆ ಹೆಣೆಯುವ ಮರದ ಸೂಜಿ, ಹಳೆಯ ದೋಣಿ ಎಲ್ಲ ಇದೆ, ಬಹಳ ಚೆನ್ನಾಗಿದೆಯಂತೆ ಅಂದೆ. ಅವು ಎಲ್ಲಿಂದ ಬಂದವು ಗೊತ್ತಾ ಎಂದು ಕೇಳಿದ. ಗೊತ್ತಿರಲಿಲ್ಲ. ಅವನ ಬೆರಳು ಮತ್ತೆ ಕೆಂಪು ಗೀಟುಗಳ ಮೇಲೆ ಹೋಯಿತು.

"ನಮ್ಮ ಸಾಮಾನನ್ನ ಗಾಜಿನೊಳಗೆ ಇಟ್ಟರೆ ಸಂಸ್ಕೃತಿ," ಅಂದ. "ನಮ್ಮ ಕೈಯಲ್ಲೇ ಬಿಟ್ಟರೆ ಅಪಾಯ. ಅಲ್ವಾ?"

ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

ಒಂದು ಸಂಜೆ ಆಫೀಸು ಮುಗಿಸಿ ಹೊರಟಾಗ ಲಿಫ್ಟನ್ನು ಪರೀಕ್ಷೆ ಮಾಡಬೇಕು, ಒಬ್ಬರ ತೂಕ ಬೇಕು, ಬರ್ತೀರಾ ಅಂದ. ಹತ್ತಿದೆ. ಒಳಗಿನ ಕನ್ನಡಿಯಲ್ಲಿ ಅವನು ನನ್ನನ್ನು ನೋಡುತ್ತಿದ್ದ, ನಾನು ಅಂಕಿಗಳನ್ನು ನೋಡುತ್ತಿದ್ದೆ, ಅಥವಾ ಹಾಗೆ ನಟಿಸುತ್ತಿದ್ದೆ. ನಾಲ್ಕು ಮಹಡಿ ಇಳಿಯಲು ಮೊದಲೆಲ್ಲ ಹದಿನೆಂಟು ಸೆಕೆಂಡು ಹಿಡಿಯುತ್ತಿತ್ತು. ಅವತ್ತು ಮೂವತ್ತಾದರೂ ನೆಲ ಬರಲಿಲ್ಲ.

ಏನಾಯ್ತು ಇದಕ್ಕೆ ಅಂದೆ.

"ವೇಗ ಕಡಿಮೆ ಮಾಡಿದೀನಿ," ಅಂದ, ಕನ್ನಡಿಗೇ. "ಸುರಕ್ಷತೆಗೆ."

*

ಭಾನುವಾರ ಅವನ ಮನೆಗೆ ಹೋದೆ. ಅಮ್ಮನನ್ನು ನೋಡದೆ ಅವರಿಗೆ ಪ್ರವಾಸ ಹಾಕುವುದು ಹೇಗೆ ಎಂದು ನಾನೇ ನೆಪ ತೆಗೆದಿದ್ದೆ. ಎರಡೇ ಕೋಣೆ, ಗೋಡೆಗೆ ಒತ್ತಿದ ಮಂಚ, ಕಿಟಕಿಯ ಬಳಿ ಒಂದು ಕುರ್ಚಿ. ಅದರಲ್ಲಿ ಅವರು ಬೆಳಕಿಗೆ ಮುಖ ಕೊಟ್ಟು ಕೂತಿದ್ದರು.

"ಕೈ ಕೊಡು," ಅಂದರು. ಕೊಟ್ಟೆ. ಹೂವು ಆರಿಸುವ ಹಾಗೆ ಒಂದೊಂದೇ ಬೆರಳು ಮುಟ್ಟಿ ನೋಡಿದರು. ನಡುಬೆರಳಿನ ಪಕ್ಕದ ಗಂಟಿಗೆ ಬಂದು ನಿಂತರು. "ಇದೇನು?"

"ಪೆನ್ನು ಹಿಡಿದು ಆಗಿದ್ದು ಅಮ್ಮ."

"ನಂದು ಸಿಗಡಿ ಸುಲಿದು ಆಗಿದ್ದು," ಎಂದು ತಮ್ಮ ಹೆಬ್ಬೆರಳು ತೋರಿಸಿದರು. ಅಲ್ಲಿ ಚರ್ಮ ಹಲಗೆಯಂತಾಗಿತ್ತು. ಬಂದರಿನ ಐಸ್ ಶೆಡ್ಡಿನಲ್ಲಿ ಹನ್ನೆರಡು ವರ್ಷ. ಮಗನ ಬಗ್ಗೆಯೂ ಹೇಳಿದರು, ಅವನಿಗೆ ಕೇಳುವ ಹಾಗೆ: ಊರವರನ್ನೆಲ್ಲ ಮೇಲೆ ಕೆಳಗೆ ಓಡಾಡಿಸ್ತಾನೆ, ತಾನು ಮಾತ್ರ ಮೂವತ್ನಾಲ್ಕು ವರ್ಷದಿಂದ ನಿಂತ ಕಡೆಯೇ ನಿಂತಿದಾನೆ, ಯಾರಾದರೂ ಗುಂಡಿ ಒತ್ತಬೇಕು. ಅವನು ಒಳಗೆ ಲೋಟ ತೊಳೆಯುತ್ತಿದ್ದವನು ಲೋಟ ಬೀಳಿಸಿದ.

ಆಮೇಲೆ ಅವರು ಮೆಟ್ಟಿಲಿನ ಕಥೆ ಹೇಳಿದರು.

ಆ ಬೀದಿ ಗುಡ್ಡದಿಂದ ಕಡಲಿಗೆ ಇಳಿಯುತ್ತದೆ. ಮೊದಲು ಬರೀ ಕೆಸರು. ನಗರಸಭೆಗೆ ಅರ್ಜಿ ಕೊಟ್ಟು ಕೊಟ್ಟು ಸುಸ್ತಾಗಿ, ಕೊನೆಗೆ ಬೀದಿಯವರೇ ಸಿಮೆಂಟು ಹೊತ್ತು ನಲವತ್ತೊಂದು ಮೆಟ್ಟಿಲು ಕಟ್ಟಿದರು. ಇಷ್ಟಿಷ್ಟು ಮನೆಗೆ ಒಂದೊಂದು. ಸಿಮೆಂಟು ಹಸಿಯಿರುವಾಗ ಆಯಾ ಮೆಟ್ಟಿಲು ಕಟ್ಟಿದವರು ತಮ್ಮ ಮಕ್ಕಳ ಅಂಗೈ ಒತ್ತಿಸಿದರು. ಕೆಳಗಿನಿಂದ ಒಂಬತ್ತನೆಯದು ಇವರದು. ಅದರ ಮೇಲೆ ಮಗಳ ಬಲಗೈ. ಕಿರುಬೆರಳು ಸೊಟ್ಟ, ಬಾಗಿಲ ಸಂದಿಗೆ ಸಿಕ್ಕಿ ಹಾಗಾಗಿತ್ತು. ಮರುವರ್ಷ ಜ್ವರ ಬಂದು ಮಗು ಉಳಿಯಲಿಲ್ಲ. ಅದೇ ವರ್ಷ ಇವರು ಗಂಡನ ಜೊತೆ, ಮೂರು ವರ್ಷದ ಮಗನನ್ನು ಎತ್ತಿಕೊಂಡು ಊರು ಬಿಟ್ಟರು. ಗಂಡ ಇರುವ ತನಕ ಆ ಊರಿನ ಹೆಸರೆತ್ತಲು ಬಿಡಲಿಲ್ಲ.

"ನನ್ನ ಅಕ್ಕನಿಗೆ ಈಗಲೂ ಆರೇ ವರ್ಷ," ಅಂದ ಅವನು, ಬಾಗಿಲಲ್ಲಿ ನಿಂತು. "ಒಂದು ಫೋಟೋನೂ ಇಲ್ಲ. ಆ ಮೆಟ್ಟಿಲು ಬಿಟ್ಟರೆ ಅವಳು ಎಲ್ಲೂ ಇಲ್ಲ."

ಅಮ್ಮ ಕೇಳಿದ್ದು ಇಷ್ಟೇ: ಆ ಕೈಯ ಮೇಲೆ ಒಂದು ಸಲ ಕೈಯಿಡಬೇಕು. ಕಣ್ಣಿದ್ದರೆ ಸರಿ, ಇಲ್ಲದಿದ್ದರೂ ಸರಿ.

ಆದರೆ ಬೀದಿಗೇ ಹೆಚ್ಚು ದಿನ ಉಳಿದಿರಲಿಲ್ಲ. ಅಲ್ಲಿನ ಹಳೆಯ ನೆರೆಯವಳೊಬ್ಬಳು ಹೇಳಿಕಳಿಸಿದ್ದಳು: ಕಡಲ ದಡಕ್ಕೆ ವಿಹಾರ ಪಥ ಬರುತ್ತದಂತೆ, ಮೂವತ್ತನೇ ತಾರೀಕಿನ ಒಳಗೆ ಮನೆ ಖಾಲಿ ಮಾಡಿ ಎಂದು ನೋಟಿಸು ಅಂಟಿಸಿದ್ದಾರೆ. ಅದಕ್ಕೇ ಅವನು ಅವತ್ತು ಪೇಪರು ಹಾಸಿಕೊಂಡು ನನ್ನೆದುರು ಕೂತದ್ದು. ಅವನ ಕಂಪನಿ ಐದು ವರ್ಷಕ್ಕೊಮ್ಮೆ ಪ್ರವಾಸ ಸೌಲಭ್ಯ ಕೊಡುತ್ತದೆ, ನಮ್ಮಂಥ ಆಫೀಸಿನ ಮೊಹರು ಬಿದ್ದ ಹಾಳೆಯಿದ್ದರೆ ಮಾತ್ರ. ಪ್ರಯಾಣದ ದಿನ ಬಿಟ್ಟು ರಜೆ ಸಿಕ್ಕದ್ದು ಹದಿನೆಂಟರಿಂದ ಇಪ್ಪತ್ತೆರಡರವರೆಗೆ.

ನಾನು ಲೆಕ್ಕ ಹಾಕಿದೆ. ಇಪ್ಪತ್ತೆರಡಕ್ಕೂ ಮೂವತ್ತಕ್ಕೂ ನಡುವೆ ಎಂಟು ದಿನ. ಸಾಕಷ್ಟಾಯಿತು ಅಂದೆ.

*

ನಮ್ಮ ಆಫೀಸಿನಲ್ಲಿ ಒಂದು ಕ್ರಮವಿದೆ. ಖಾತ್ರಿಯಿದ್ದದ್ದು ಮೊದಲು, ಸಂಶಯವಿದ್ದದ್ದು ಕೊನೆಗೆ. ಎಡವಟ್ಟಾದರೆ ಕೊನೆಯ ದಿನ ಆಗಲಿ, ಆಗ ಉಳಿದ ಪ್ರವಾಸವಾದರೂ ಗಿರಾಕಿಯ ನೆನಪಿನಲ್ಲಿ ಚೆನ್ನಾಗಿರುತ್ತದೆ ಎನ್ನುವುದು ಯಜಮಾನರ ಸಿದ್ಧಾಂತ.

ಕೆಂಪು ಜಾಗವಿರುವ ಹಾಳೆಗೆ ಅವರು ಮೊಹರು ಒತ್ತುವುದಿಲ್ಲ ಅಂದರು. ನಾನು ಬಿಡಲಿಲ್ಲ. ಹುಟ್ಟಿದ ಜಾಗ ಸರ್, ವಯಸ್ಸಾದ ತಾಯಿ ಸರ್ ಎಂದು ಎರಡು ದಿನ ಹಿಂದೆ ಬಿದ್ದೆ. ಕೊನೆಗೆ ಒಪ್ಪಿದರು: ಐದನೇ ದಿನ, ಬೆಳಗ್ಗೆ, ಎರಡು ಗಂಟೆ, ಸ್ವಂತ ಜವಾಬ್ದಾರಿಯಲ್ಲಿ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ನಾನು ಒಳಗೊಳಗೇ ಬೀಗಿದೆ.

ಹಾಳೆಯ ಮೇಲೆ ಅವನ ಬೆರಳು ಐದನೇ ದಿನದವರೆಗೆ ಇಳಿಯಿತು. ಮೊದಲನೇ ದಿನವೇ ಹೋಗಬಹುದಲ್ವಾ ಅಂದ.

ಆಗ ನಾನು ಹೇಳಿದ ಮಾತುಗಳು ಒಂದೂ ಮರೆತಿಲ್ಲ. ಅಮ್ಮ ರೈಲಿನಲ್ಲಿ ದಣಿದಿರುತ್ತಾರೆ ಅಂದೆ. ನಲವತ್ತೊಂದು ಮೆಟ್ಟಿಲು ಅಂದೆ. ಊರು ಸ್ವಲ್ಪ ಪರಿಚಯವಾಗಲಿ, ಮೊದಲು ಮ್ಯೂಸಿಯಂ, ಸಂಗೀತ, ದೋಣಿ ವಿಹಾರ, ಮನಸ್ಸು ಹಗುರಾಗಲಿ, ಆಮೇಲೆ ಅದು ಅಂದೆ. ಯಜಮಾನರ ನಿಯಮವನ್ನು ನನ್ನ ಪ್ರೀತಿಯ ಕಾಗದದಲ್ಲಿ ಸುತ್ತಿ ಅವನ ಕೈಗೆ ಕೊಟ್ಟೆ. ಸುತ್ತುವಾಗ ನನಗೂ ಅದು ಪ್ರೀತಿಯೆಂದೇ ಕಂಡಿತ್ತು.

"ನೀವು ಹೇಳಿದ ಮೇಲೆ ಮುಗೀತು," ಅಂದ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ, ಎಡಗಡೆಯ ಜೇಬಿಗೆ.

ಸ್ಟೇಷನ್ನಿಗೆ ಹೋಗಿದ್ದೆ. ಅಮ್ಮ ಕಿಟಕಿಯ ಪಕ್ಕ ಕೂತು ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಅವನು ಬಾಗಿಲಲ್ಲಿ ನಿಂತಿದ್ದ. ಅವತ್ತು ನೀಲಿ ಅಂಗಿ ಇರಲಿಲ್ಲ, ಬಿಳಿಯದು. ಇಸ್ತ್ರಿಯ ಗೆರೆ ಭುಜದ ಮೇಲೆ ಸೊಟ್ಟಗಿತ್ತು. ಅದನ್ನು ಕೈಯಿಂದ ನೇರ ಮಾಡಬೇಕು ಅನ್ನಿಸಿ ಕೈಯನ್ನು ಹಿಂದೆ ಕಟ್ಟಿಕೊಂಡೆ.

"ನಿಮಗೆ ಒಂದು ಮಾತು ಹೇಳೋದಿದೆ," ಅಂದ.

"ಹೇಳಿ."

"ಈಗಲ್ಲ. ಕೊನೇ ದಿನಕ್ಕೆ ಇಟ್ಟಿದ್ದೀನಿ. ನಿಮ್ಮದೇ ರೂಲ್ಸು." ರೈಲು ಅಲುಗಿತು. ಅವನ ನಗು ಪ್ಲಾಟ್‌ಫಾರಂ ಮುಗಿಯುವವರೆಗೂ ಕಾಣುತ್ತಿತ್ತು.

*

ಸಂಜೆ ಏಳಕ್ಕೆ ಫೋನು ಬರುತ್ತಿತ್ತು. ಮೊದಲ ದಿನ ಮ್ಯೂಸಿಯಂ. ಮೂರನೇ ಕೋಣೆಯಲ್ಲಿ ಅಮ್ಮ ಗಾಜಿಗೆ ಹಣೆ ಹಚ್ಚಿ ನಿಂತು, ಈ ಸೂಜಿಯನ್ನು ಎಡಗೈಯವರು ಬಳಸಿದ್ದು, ಸವೆದ ಕಡೆ ನೋಡು ಅಂದರಂತೆ. ಕಾವಲಿನವನು ಗಾಜು ಮುಟ್ಟಬೇಡಿ ಅಂದನಂತೆ. ಎರಡನೇ ದಿನ ಸಂಗೀತ. ಅಮ್ಮ ನಿದ್ದೆ ಹೋದರು, ಆದರೆ ಬಹಳ ಸಂಸ್ಕೃತಿಯಿಂದ ನಿದ್ದೆ ಹೋದರು ಅಂದ. ಮೂರನೇ ದಿನ ದೋಣಿ ವಿಹಾರ. ದೂರದಿಂದ ಬಂದರಿನ ಹಿಂದೆ ದೂಳು ಎದ್ದಿತ್ತು, ಯಾವುದೋ ಕಟ್ಟಡದ ಕೆಲಸ ಎಂದು ಗೈಡ್ ಹೇಳಿದ ಅಂದ.

ಅದು ಕಟ್ಟಡದ ಕೆಲಸವಾಗಿರಲಿಲ್ಲ. ನೋಟಿಸಿನಲ್ಲಿದ್ದದ್ದು ಮೂವತ್ತನೇ ತಾರೀಕು. ಯಂತ್ರಗಳು ಬಂದದ್ದು ಇಪ್ಪತ್ತಕ್ಕೆ. ಬಡವರ ಮನೆ ಬಾಗಿಲಿಗೆ ಅಂಟಿಸುವ ತಾರೀಕು ಬಡವರು ಮಾತ್ರ ಪಾಲಿಸಬೇಕಾದ್ದು, ಅಂಟಿಸಿದವರಲ್ಲ. ಅಷ್ಟೂ ತಿಳಿಯದೆ ನಾನು ಎಂಟು ದಿನ ಸಾಕಷ್ಟಾಯಿತು ಅಂದಿದ್ದೆ.

ಐದನೇ ದಿನ ಫೋನು ಸಂಜೆಗೆ ಬರಲಿಲ್ಲ. ಬೆಳಗ್ಗೆ ಹತ್ತೂವರೆಗೆ ಬಂತು. ಹಿಂದೆ ಗಾಳಿ, ಹೆಂಗಸರ ದನಿ, ಲೋಹ ಕಲ್ಲಿಗೆ ತಾಗುವ ಸದ್ದು.

"ಬೀದಿ ಇಲ್ಲ," ಅಂದ.

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಎರಡು ದಿನ ಆಯ್ತಂತೆ. ಮೊದಲನೇ ದಿನ ಬಂದಿದ್ದರೆ..." ಎಂದು ನಿಲ್ಲಿಸಿದ. ನಿಲ್ಲಿಸದೆ ಮುಗಿಸಿದ್ದರೆ ಚೆನ್ನಾಗಿತ್ತು. ಅವನು ಬಯ್ಯಬಹುದಿತ್ತು, ಕೂಗಬಹುದಿತ್ತು. ಅಮ್ಮ ಕೂತುಬಿಟ್ಟಿದಾರೆ, ಏಳ್ತಿಲ್ಲ, ನಾವು ಇವತ್ತಿನ ರೈಲಿಗೆ ಬರಲ್ಲ ಎಂದಷ್ಟೇ ಹೇಳಿ ಇಟ್ಟ. ಕೊನೆಯ ದಿನಕ್ಕೆ ಇಟ್ಟ ಮಾತಿನ ಸುದ್ದಿ ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಮಾರನೆಯ ದಿನ ಫೋನು ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ನಾನು ಮಾಡಿದರೆ ಎತ್ತುವವರಿರಲಿಲ್ಲ. ಲಿಫ್ಟಿನಲ್ಲಿ ಇಳಿಯುವಾಗ ಮೂವತ್ತು ಸೆಕೆಂಡು ಎಣಿಸುತ್ತಿದ್ದೆ. ಕನ್ನಡಿಯಲ್ಲಿ ನಾನೊಬ್ಬಳೇ ಇರುತ್ತಿದ್ದೆ.

ಮೂರನೇ ದಿನ ಮಧ್ಯಾಹ್ನ ಯಜಮಾನರು ನನ್ನ ಮೇಜಿಗೆ ಬಂದರು. ಒಳ್ಳೆಯ ಸುದ್ದಿ ಅಂದರು. ಬಂದರಿನ ಹಿಂದಿನ ಜಾಗ ತೆರವಾಗಿದೆಯಂತೆ, ವಿಹಾರ ಪಥ ಬರುತ್ತಂತೆ, ಇನ್ನು ಅಲ್ಲಿ ಭಯವಿಲ್ಲ, ಕೆಂಪು ಅಳಿಸಿ ಹಸಿರು ಚುಕ್ಕಿ ಇಡು ಅಂದರು.

ಜನ ಇರುವ ತನಕ ಅಪಾಯ, ಜನರನ್ನು ಎತ್ತಿ ಎಸೆದ ಮೇಲೆ ಸಂಸ್ಕೃತಿ. ಎಂಟು ವರ್ಷದ ಹಿಂದೆ ನಾನು ಎಳೆದ ಗೀಟು ಯಾವ ಯಂತ್ರಕ್ಕೆ ದಾರಿ ಗುಡಿಸುತ್ತಿತ್ತು ಎಂದು ನನಗೆ ಆಗ ಕಂಡಿತು. ಅಂಥ ಎಷ್ಟು ನಕ್ಷೆ, ಅಂಥ ಎಷ್ಟು ಮೇಜು, ಎಷ್ಟು ಜನ ನನ್ನಂಥ ಒಳ್ಳೆಯ ಹೆಣ್ಣುಮಕ್ಕಳು.

ಪೆನ್ನನ್ನು ಗಾಜಿನ ಮೇಲೆ ಇಟ್ಟೆ.

"ಹಸಿರು ನೀವೇ ಇಡಿ ಸರ್," ಅಂದೆ. "ನನಗೆ ರಜೆ ಬೇಕು."

ಎಷ್ಟು ದಿನ, ಎಲ್ಲಿಗೆ ಎಂದು ಕೇಳಿದರು. ಎರಡಕ್ಕೂ ನನ್ನ ಬಳಿ ಹಾಳೆ ಇರಲಿಲ್ಲ. ಟಿಕೆಟಕ್ಕ ನನ್ನ ಮುಖ ನೋಡಿದವಳು ಒಂದೂ ತಮಾಷೆ ಮಾಡದೆ ಮಾರನೆಯ ಬೆಳಗಿನ ರೈಲಿಗೆ ಟಿಕೆಟು ತೆಗೆದುಕೊಟ್ಟಳು. ಬ್ಯಾಗನ್ನ ಎದೆಗೆ ಹಾಕ್ಕೊಳೇ ಅಂದಳು, ಅಷ್ಟೇ.

*

ಕಡಲನ್ನು ನಾನು ಮೊದಲು ನೋಡಿದ್ದು ದೂಳಿನ ಹಿಂದೆ. ಬೂದು ಬಣ್ಣದ ಒಂದು ಹಲಗೆಯಂತಿತ್ತು. ನಿಂತು ನೋಡಲಿಲ್ಲ.

ಗುಡ್ಡದ ಮೇಲಿನಿಂದ ನೀರಿನವರೆಗೂ ಮನೆಗಳು ಮುರಿದು ಹರವಿಕೊಂಡಿದ್ದವು. ಅರ್ಧ ಗೋಡೆಯಲ್ಲಿ ಒಂದು ಕ್ಯಾಲೆಂಡರು ಹಾಗೇ ತೂಗುತ್ತಿತ್ತು. ಟಾರ್ಪಾಲಿನ ಕೆಳಗೆ ಹೆಂಗಸರು ಪಾತ್ರೆ ಜೋಡಿಸಿಕೊಂಡು ಕೂತಿದ್ದರು. ನನ್ನ ಬ್ಯಾಗು ಎದೆಯ ಮೇಲಿತ್ತು. ಒಬ್ಬಾಕೆ ಅದನ್ನು ನೋಡಿದಳು, ದಾರಿ ತೋರಿಸಿ, ನೀರು ಬೇಕಾ ಅಂದಳು. ನಾನು ಬ್ಯಾಗನ್ನು ಇಳಿಸಿ ಕೈಯಲ್ಲಿ ಹಿಡಿದುಕೊಂಡೆ.

ಅಮ್ಮ ಇಳಿಜಾರಿನ ಬುಡದಲ್ಲಿ, ಸಿಮೆಂಟು ಚೂರುಗಳ ರಾಶಿಯ ಪಕ್ಕ ಕಾಲು ಚಾಚಿ ಕೂತಿದ್ದರು. ಒಂದೊಂದೇ ಚೂರನ್ನು ಎತ್ತಿ, ಮುಖ ಬೇರೆ ಕಡೆ ತಿರುಗಿಸಿ, ಹಲಗೆಯಂಥ ಆ ಹೆಬ್ಬೆರಳಿನಿಂದ ಸವರಿ, ಪಕ್ಕಕ್ಕಿಡುತ್ತಿದ್ದರು. ಅವನು ಸ್ವಲ್ಪ ಮೇಲೆ ಹಾರೆಯಿಂದ ದೊಡ್ಡ ತುಂಡುಗಳನ್ನು ಮಗುಚುತ್ತಿದ್ದ. ಸ್ಟೇಷನ್ನಿನ ಬಿಳಿ ಅಂಗಿ. ಈಗ ಅದಕ್ಕೆ ಯಾವ ಬಣ್ಣವೂ ಇರಲಿಲ್ಲ.

"ಯಾರದು?" ಅಂದರು ಅಮ್ಮ. ನಾನು ಕೈ ಕೊಟ್ಟೆ. ಬೆರಳಿನ ಗಂಟು ಮುಟ್ಟಿದರು.

"ಪೆನ್ನಿನವಳು," ಅಂದರು. ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ. "ಕೂತ್ಕೋ. ಒಂದು ಮಗ್ಗುಲು ನುಣ್ಣಗಿರೋದನ್ನ ನನಗೆ ಕೊಡು. ಉಳಿದದ್ದು ಆ ಕಡೆ."

ಕೂತೆ. ಉಗುರು ಮುರಿಯಿತು, ಅಂಗೈ ತರಚಿತು. ಐದು ದಿನದಲ್ಲಿ ನಾಲ್ಕು ಅಂಗೈ ಸಿಕ್ಕಿದ್ದವಂತೆ, ನಾಲ್ಕೂ ಬೇರೆಯವರದು. ನಾಳೆ ಬೆಳಗ್ಗೆ ಎಂಟಕ್ಕೆ ಕಲ್ಲು ಸಾಗಿಸಲು ಲಾರಿಗಳು ಬರುತ್ತವೆ ಎಂದು ಅಧಿಕಾರಿಯೊಬ್ಬ ಕೂಗಿ ಹೇಳಿ ಹೋಗಿದ್ದ. ನನ್ನ ಕೈಗೆ ಮಧ್ಯಾಹ್ನದ ಹೊತ್ತಿಗೆ ಒಂದು ಚೂರು ಸಿಕ್ಕಿತು: ಎರಡು ಸಣ್ಣ ಬೆರಳಿನ ಗುಳಿ, ಪಕ್ಕದಲ್ಲಿ ಕಿರುಬೆರಳು. ಅಮ್ಮನ ಮಡಿಲಲ್ಲಿಟ್ಟೆ.

ಅವರು ಬಹಳ ಹೊತ್ತು ಸವರಿದರು. ಸುತ್ತಲಿದ್ದವರು ಕೆಲಸ ನಿಲ್ಲಿಸಿದರು.

"ಇದು ಸೀದಾ ಇದೆ," ಅಂದರು. "ನನ್ನವಳದಲ್ಲ. ಯಾರದೋ ಮನೆ ಮಗು. ಕೂಗಿ ಕೇಳು."

ನಾನು ಕೂಗಿದೆ. ಟಾರ್ಪಾಲಿನಿಂದ ನನಗಿಂತ ದೊಡ್ಡವಳಾದ ಒಬ್ಬಳು ಎದ್ದು ಬಂದು, ಗುಳಿಯಲ್ಲಿ ತನ್ನ ಬೆರಳಿಟ್ಟು ನೋಡಿ, ಅದು ತನ್ನದೇ ಕೈ ಅಂದಳು. ನಗಲಾರದೆ ಅಳಲಾರದೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಹೊತ್ತು ಇಳಿಯುವಾಗ ಅವನು ಹಾರೆ ಇಟ್ಟು ನನ್ನ ಪಕ್ಕ ಬಂದು ಕೂತ. ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.

"ಯಾಕೆ ಬಂದ್ರಿ? ಇದು ಹೋಗಬಾರದ ಜಾಗ."

"ಗೀಟು ಎಳೆದವಳು ನಾನೇ. ದಾಟಬೇಕು ಅನ್ನಿಸ್ತು."

ಅವನು ಒಂದು ಚೂರು ಎತ್ತಿ ತಿರುಗಿಸಿ ನೋಡಿ ಎಸೆದ.

"ಒಂದನೇ ದಿನ ಅಂತ ಬರೀಬೇಕಿತ್ತು ನಾನು," ಅಂದೆ.

"ಹೌದು," ಅಂದ.

ಇಲ್ಲ ಅನ್ನಲಿಲ್ಲ, ಬಿಡಿ ಅನ್ನಲಿಲ್ಲ. ಆ ಒಂದು ಹೌದಿಗೆ ನಾನು ಇವತ್ತಿಗೂ ಅವನಿಗೆ ಋಣಿ. ಸುಳ್ಳು ಸಮಾಧಾನ ಹೇಳಿದ್ದರೆ ನಾನು ಅವತ್ತೇ ಎದ್ದು ರೈಲು ಹತ್ತುತ್ತಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದ. ಬೆವರಿಗೆ ನನ್ನ ಅಕ್ಷರ ಹರಡಿತ್ತು. "ನಾನೂ ಇದನ್ನ ಬಿಟ್ಟು ಮೊದಲೇ ಬರಬಹುದಿತ್ತು. ಯಾರು ಹಿಡಿದಿದ್ದರು? ನೀವು ಬರೆದಿದ್ದು ಅಂತ ಅಕ್ಷರ ತಪ್ಪದೆ ನಡೆದೆ. ಆ ದೋಣೀಲಿ ಕೂತು ಆ ದೂಳನ್ನ ಅಮ್ಮನಿಗೆ ತೋರಿಸಿದೆ, ನೋಡಮ್ಮ, ಏನೋ ಕಟ್ತಿದಾರೆ ಅಂತ." ನಾನು ಅವನ ಭುಜದ ಮೇಲಿನ ಸೊಟ್ಟ ಗೆರೆಯ ಮೇಲೆ ಕೈಯಿಟ್ಟೆ. ಗೆರೆ ಎಲ್ಲಿತ್ತೆಂದು ನನಗಷ್ಟೇ ಗೊತ್ತಿತ್ತು.

"ಕೊನೇ ದಿನಕ್ಕೆ ಒಂದು ಮಾತು ಇಟ್ಟಿದ್ರಿ," ಅಂದೆ.

"ಅದಕ್ಕೆ ಇದಾ ಜಾಗ?"

"ಇದೇ. ಇನ್ನು ಯಾವುದನ್ನೂ ಕೊನೆಗೆ ಅಂತ ಇಡಬೇಡಿ."

ಅವನು ನನ್ನನ್ನು ನೋಡಿದ. ಕನ್ನಡಿಯಿಲ್ಲದೆ, ನೇರವಾಗಿ. ರೆಪ್ಪೆಯ ಮೇಲೂ ದೂಳು ಕೂತಿತ್ತು.

"ಚೆಂದವಾಗಿ ಹೇಳಬೇಕು ಅಂತ ಜೋಡಿಸಿಕೊಂಡಿದ್ದೆ. ಒಂದೂ ನೆನಪಿಲ್ಲ. ನನ್ನ ಜೊತೆ ಇರ್ತೀರಾ, ಅಷ್ಟೇ."

"ಇರ್ತೀನಿ."

ಅವನ ಕೈ ನನ್ನ ಕೈಯನ್ನು ಹುಡುಕಿತು. ಎರಡೂ ಒರಟಾಗಿದ್ದವು, ಎರಡರಲ್ಲೂ ರಕ್ತವಿತ್ತು. ಹಿಡಿದುಕೊಂಡು ಕೂತೆವು. ಕೆಳಗೆ ಕಡಲು ಬಂದು ಬಂದು ಮುರಿದ ಕಲ್ಲಿನ ಕಾಲು ತೊಳೆಯುತ್ತಿತ್ತು. ಹನ್ನೊಂದು ವರ್ಷ ನಾನು ಜನಕ್ಕೆ ವರ್ಣಿಸಿದ ಸೂರ್ಯಾಸ್ತ ಅದೇ ಆಗಿರಬೇಕು.

ಅಮ್ಮನಿಗೆ ಕಣ್ಣು ಮಂಜು, ಕಿವಿ ಚುರುಕು.

"ಆಯ್ತಲ್ಲ ನಿಮ್ಮದು?" ಅಂದರು, ನಮ್ಮ ಕಡೆ ತಿರುಗದೆ, ಕೈ ಚಾಚಿ. "ಬೆಳಕು ಹೋಗ್ತಾ ಇದೆ. ಕಲ್ಲು ಕೊಡಿ."

ಒಂದು ಕೈ ಬಿಡಿಸಿಕೊಳ್ಳದೆ, ಇನ್ನೊಂದು ಕೈಯಿಂದ ಕೊಟ್ಟೆವು.